ಏಳನೇ ವರ್ಷನ್ನಿನ ಅತ್ತೆ

ನಮ್ಮ ಸೋದರತ್ತೆಗೆ ಏಳರಿಂದ ಆಚೆಗೆ ಎಣಿಸಲು ಬರುವುದಿಲ್ಲ!

ಹೀಗೆಂದರೆ ತಿ. ನರಸೀಪುರದವರು ನನ್ನ ಮೇಲೆ ಜಗಳಕ್ಕೆ ಬಂದಾರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಅರ್ಧ ಊರಿನ ಮುಖಗಳನ್ನು ಪಾಸ್‌ಪೋರ್ಟ್ ಸೈಜಿಗೆ ಇಳಿಸಿದ ಹೆಂಗಸಿಗೆ ಎಣಿಕೆ ಬಾರದೆ ಇದ್ದೀತೇ? ಬರುತ್ತದೆ. ಆದರೆ ಫೋಟೋ ತಿದ್ದುವ ಸಾಫ್ಟ್‌ವೇರಿನ ಮಾತು ಬಂತೋ, ಎಣಿಕೆ ಏಳಕ್ಕೆ ನಿಂತುಬಿಡುತ್ತಿತ್ತು. ಮಾವ ಬದುಕಿದ್ದಾಗ ಕಂಪ್ಯೂಟರಿಗೆ ಹಾಕಿಸಿದ್ದು ಏಳನೇ ವರ್ಷನ್. ಮಾವ ಹೋದರು, ಏಳನೇ ವರ್ಷನ್ ಉಳಿಯಿತು. ಆಮೇಲೆ ಎಂಟು ಬಂತು, ಒಂಬತ್ತು ಬಂತು, ಕೊನೆಗೆ ಅಂಕಿಗಳು ಸಾಲದೆ ಇಸವಿಗಳನ್ನೇ ಹೆಸರಾಗಿ ಇಡತೊಡಗಿದರು. ಅತ್ತೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಹೊಸದು ಹಾಕಿಸಿ ಅತ್ತೆ, ಲೋಕವೆಲ್ಲ ಮುಂದೆ ಹೋಗಿದೆ" ಎಂದರೆ, "ಓಗ್ಲಿ ಬುಡ್ಲಾ. ಈ ಏಳನೇದ್ರಲ್ಲೇ ಇನ್ನೂ ನಾಕು ಬಟನ್ನ ನಾನು ಒತ್ತೇ ಇಲ್ಲ. ಇರೋದುನ್ನ ಪೂರ್ತಿ ತಿನ್ನದೆ ಇನ್ನೊಂದು ಎಲೆ ಹಾಕುಸ್ಕಂಡ್ರೆ ಜನ ಏನಂದಾರು?" ಎನ್ನುತ್ತಿದ್ದರು.

ಆ ಕಂಪ್ಯೂಟರೋ! ಹಿಂಭಾಗ ಉಬ್ಬಿದ ಮಾನಿಟರಿನ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ವಿಭೂತಿ ಉಂಡೆ. ಬೆಳಿಗ್ಗೆ ಗುಂಡಿ ಒತ್ತಿ ಅತ್ತೆ ಟೀ ಕಾಯಿಸಲು ಹೋಗುತ್ತಿದ್ದರು. ಟೀ ಕುಡಿದು, ಲೋಟ ತೊಳೆದು, ಎದುರು ಮನೆಯ ಜಗಳ ಬಿಡಿಸಿ ಬರುವ ಹೊತ್ತಿಗೆ ಅದು ಎದ್ದು ಕೂತಿರುತ್ತಿತ್ತು. ಅದರೊಳಗಿನ ಸಾಧನಗಳಿಗೆಲ್ಲ ಇವರದೇ ನಾಮಕರಣ. ಒಂದು ಕಡೆಯ ಬಣ್ಣ ತೆಗೆದು ಇನ್ನೊಂದು ಕಡೆ ತುಂಬುವುದಕ್ಕೆ 'ನಾಟಿ'. ಒಂದರ ಮೇಲೊಂದು ಕೂರುವ ಚಿತ್ರದ ಪದರಗಳಿಗೆ 'ಮಡಿಕೆ', ಥೇಟ್ ಸೀರೆಯ ಮಡಿಕೆ. ಪ್ರತಿ ಮಡಿಕೆಯ ಪಕ್ಕದಲ್ಲೊಂದು ಪುಟ್ಟ ಕಣ್ಣಿನ ಗುರುತು. ಅದನ್ನು ಒತ್ತಿದರೆ ಆ ಮಡಿಕೆಯಲ್ಲಿರುವುದು ಕಾಣುವುದಿಲ್ಲ. ಮತ್ತೆ ಒತ್ತಿದರೆ ಕಾಣುತ್ತದೆ.

ನಾಟಿಯಲ್ಲಂತೂ ಅತ್ತೆಯದು ಎತ್ತಿದ ಕೈ. ಸುತ್ತೂರು ಕಡೆಯ ಬೆಲ್ಲದ ವ್ಯಾಪಾರಿಯೊಬ್ಬರು ಮದುವೆಗೆ ಹೆಣ್ಣು ನೋಡುತ್ತಿದ್ದರು. ವಯಸ್ಸಿನ್ನೂ ಹೆಚ್ಚಿಲ್ಲ, ತಲೆ ಮಾತ್ರ ಅವಸರ ಮಾಡಿ ಬೋಳಾಗಿತ್ತು. ಅತ್ತೆ ಕಿವಿಯ ಪಕ್ಕದಿಂದ ಸಸಿ ಕಿತ್ತು ನೆತ್ತಿಗೆ ನಾಟಿ ಮಾಡಿಕೊಟ್ಟರು. ಎಂಥ ಬೆಳೆ ಅಂತೀರಿ! ಹೆಣ್ಣಿನ ಕಡೆಯವರು ಫೋಟೋ ನೋಡಿ ಒಪ್ಪಿ ಮನೆಗೆ ಕರೆದರು. ಇವರು ಹೋಗಿ ಚಾಪೆಯ ಮೇಲೆ ಕೂತರು. ಹೆಣ್ಣಿನ ತಂದೆ ಕುಡಿಯಲು ನೀರು ಕೊಟ್ಟು, ವಿನಯದಿಂದ ಕೇಳಿದರಂತೆ: "ಹುಡುಗ ಹಿಂದಿನ ಬಸ್ಸಲ್ಲಿ ಬತ್ತಾವ್ರಾ?"

ಇಂಥ ಅತ್ತೆಗೆ ಒಂದು ಹಟವಿತ್ತು. ಫೋಟೋದಿಂದ ಯಾರನ್ನೂ ಅಳಿಸುವುದಿಲ್ಲ. ತಾಂಡವಪುರದ ಒಬ್ಬ ರೈತರು ಬದುವಿನ ಜಗಳದಲ್ಲಿ ತಮ್ಮನ ಮೇಲೆ ಸಿಟ್ಟಾಗಿ, ಮನೆಮಂದಿಯ ಫೋಟೋ ಹಿಡಿದು ಬಂದರು. "ಇವುನ್ನ ತಗ್ದಾಕ್ಬುಡಿ ಅಕ್ಕಾ, ಮಖ ನೋಡಕ್ಕಾಗಕಿಲ್ಲ." ಅತ್ತೆ ತಮ್ಮನಿಲ್ಲದ ಫೋಟೋ ಮಾಡಿಕೊಟ್ಟರು. ಎರಡು ವರ್ಷ ಕಳೆದು ಅಣ್ಣತಮ್ಮಂದಿರು ಒಂದೇ ಬೈಕಿನಲ್ಲಿ ಬಂದಿಳಿದರು. ರಾಜಿಯಾಗಿತ್ತು. ಇನ್ನೊಂದು ಫೋಟೋ ತೆಗೆಯಿರಿ ಎಂದರು. ಅತ್ತೆ ಹಳೆಯದನ್ನೇ ತೆರೆದು ಕಣ್ಣಿನ ಗುರುತು ಒತ್ತಿದರು. ತಮ್ಮ ಮೀಸೆ ಸಮೇತ ಪ್ರತ್ಯಕ್ಷ!

"ತಗ್ದಿರ್ನಿಲ್ಲ ಕಣಪ್ಪಾ, ಮಡಿಕೆ ಒಳಗೆ ಇಟ್ಟಿದ್ದೆ. ಎರಡು ವರ್ಸ ಬಿಸ್ಲು ಕಾಣದೆ ಒಸಿ ಬೆಳ್ಳಗಾಗವ್ನೆ, ನೋಡ್ಕ" ಎಂದರು. ಅಷ್ಟು ದೊಡ್ಡ ಆಳು ಅಣ್ಣ ಅಲ್ಲೇ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡನಂತೆ.

ಈ ಕಥೆಯನ್ನು ನಾನು ನಂಜನಗೂಡಿನ ನಮ್ಮ ಸ್ಕೂಲಿನ ಆಫೀಸಿನಲ್ಲಿ ಹತ್ತು ಸಲವಾದರೂ ಹೇಳಿ ನಗಿಸಿದ್ದೇನೆ. ನಾನು ಅಲ್ಲಿ ಗುಮಾಸ್ತ. ನಗಿಸುವಾಗ ನನಗೆ ಅರ್ಥವಾಗಿರಲಿಲ್ಲ ಎಂಬುದಷ್ಟೇ ತಮಾಷೆ.

ಯಾಕೆಂದರೆ ಒಂದು ದಿನ ನಾನೇ ಅತ್ತೆಯ ಮುಂದೆ ಫೋಟೋ ಹಿಡಿದು ನಿಂತೆ. ನನ್ನ ಒಬ್ಬಳೇ ತಂಗಿ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಜಾತಿ ಬೇರೆ. ಅಪ್ಪ ಇರಲಿಲ್ಲ, ಮನೆಯ ಮಾನವೆಲ್ಲ ನನ್ನ ತಲೆಯ ಮೇಲೇ ಕೂತಿದೆ ಎಂದು ನಾನು ನಂಬಿದ್ದೆ. ಅವಳು ಉಟ್ಟ ಬಟ್ಟೆಯಲ್ಲಿ ಹೋಗಿದ್ದಳು. ಗೋಡೆಯ ಮೇಲೆ, ನಾವೆಲ್ಲ ಚಿಕ್ಕವರಿದ್ದಾಗ ಮಾವ ತೆಗೆದ ಫೋಟೋದಲ್ಲಿ ಮಾತ್ರ ಉಳಿದಿದ್ದಳು.

"ನಿಮ್ಮವ್ವನ್ನ ಕೇಳಿದ್ದೀಯಾ?" ಅಂದರು ಅತ್ತೆ.

"ಕೇಳುವುದೇನಿದೆ? ತೆಗೆದುಬಿಡಿ."

ಅತ್ತೆ ಫೋಟೋವನ್ನು ಸ್ಕ್ಯಾನ್ ಮಾಡಿ, ಸಂಜೆಗೆ ತಂಗಿಯಿಲ್ಲದ ಪ್ರಿಂಟ್ ಕೊಟ್ಟರು. ಹಳೆಯದನ್ನು ನಾನು ಹರಿದು ಕಪಿಲಾ ನದಿಗೆ ಹಾಕಿದೆ. ಏನು ಶೌರ್ಯ! ಅಮ್ಮ ಹೊಸ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತು, ಅನ್ನಕ್ಕಿಡಲು ಒಳಗೆ ಹೋದರು.

ಮರುವರ್ಷ ಗೌರಿ ಹಬ್ಬ ಬಂತು. ತವರಿನ ಹೆಣ್ಣುಮಕ್ಕಳಿಗೆ ಬಾಗಿನ ಕೊಡಬೇಕು. ತಂಗಿಗೆ ಕಳಿಸಲಿಲ್ಲ. ಆ ಕೊರತೆಯನ್ನು ಅತ್ತೆಗೆ ದೊಡ್ಡದಾಗಿ ಕೊಟ್ಟು ತುಂಬೋಣ ಅನ್ನಿಸಿತೋ ಏನೋ, ಸೀರೆಯ ಬದಲು ಹೊಸ ಕಂಪ್ಯೂಟರನ್ನೇ ಬಾಗಿನ ಕೊಡಲು ಹೊರಟೆ. ಹೊಚ್ಚಹೊಸ ವರ್ಷನ್ ಸಮೇತ! ಅತ್ತೆ ನೆಂಟರ ಮನೆಗೆ ಹೋದ ದಿನ ನೋಡಿ, ಪಕ್ಕದ ಅಂಗಡಿಯಲ್ಲಿಟ್ಟಿದ್ದ ಬೀಗದ ಕೈ ಇಸಕೊಂಡು, ಮೈಸೂರಿನ ಅಂಗಡಿಯವನಿಂದ ಎಲ್ಲ ಹಾಕಿಸಿದೆ. ಹಳೆಯದನ್ನು ಬದಲಿಗೆ ಕೊಟ್ಟೆ.

"ಒಳಗಿರೋ ಫೈಲೆಲ್ಲ ಬೇಕಾ ಸಾ?" ಎಂದು ಕೇಳಿದ್ದ, ಪುಣ್ಯಾತ್ಮ.

"ಹಳೇ ಕಸ, ಎಲ್ಲ ಒರೆಸಿಬಿಡಿ" ಎಂದೆ ನಾನು.

ಅತ್ತೆ ಮರಳಿ ಬಂದು ಬಾಗಿಲಲ್ಲೇ ನಿಂತರು. ಹೊಸ ಪರದೆ ಫಳಫಳ ಹೊಳೆಯುತ್ತಿತ್ತು. ಕಸೂತಿ ಬಟ್ಟೆಯನ್ನು ಹೊದಿಸಲು ಅದರ ಮೇಲೆ ಜಾಗವೇ ಇರಲಿಲ್ಲ.

"ಅದೆಲ್ಲಿ?"

"ಎಕ್ಸ್‌ಚೇಂಜಿಗೆ ಕೊಟ್ಟೆ ಅತ್ತೆ."

"ಒಳಗಿದ್ದೋರು?"

ನಾನು ನಕ್ಕೆ. ಒಳಗೆ ಯಾರಿದ್ದರು, ಒಂದು ಜಿರಳೆ ಇತ್ತು ಎಂದೆ. ಅತ್ತೆಯೂ ನಕ್ಕಂತೆ ಮಾಡಿ, "ಪ್ರೀತಿಯಿಂದ ತಂದಿದ್ದೀಯ, ಕೂತ್ಕ. ಉಪ್ಪಿಟ್ಟು ಮಾಡ್ತೀನಿ" ಎಂದು ಒಳಗೆ ಹೋದರು. ಉಪ್ಪಿಟ್ಟಿಗೆ ಉಪ್ಪು ಹಾಕಿರಲಿಲ್ಲ. ಅದನ್ನೂ ನಾನು ಎಲ್ಲರಿಗೂ ಹೇಳಿ ನಗಿಸಿದೆ.

ಹೊಸ ವರ್ಷನ್ನಿಗೂ ಅತ್ತೆಗೂ ಕೂಡಿಬರಲಿಲ್ಲ. ಅದು ಕೇಳದೆ ಇದ್ದರೂ ಸಲಹೆ ಕೊಡುತ್ತಿತ್ತು. ಒಬ್ಬ ಅಜ್ಜಿ ತೀರಿಕೊಂಡ ಯಜಮಾನರ ಫೋಟೋ ತಂದಿದ್ದರು, ಹನ್ನೊಂದನೆಯ ದಿನದ ಪೂಜೆಗೆ ದೊಡ್ಡದು ಮಾಡಿಸಲು. ಅತ್ತೆ ಎಲ್ಲೋ ಒತ್ತಿದರು, ಯಜಮಾನರು ಬಾಯಿತುಂಬ ನಕ್ಕುಬಿಟ್ಟರು. ಅಜ್ಜಿ ಹೌಹಾರಿ, "ಯಾರವ್ವಾ ಇದು? ನಮ್ಮೋರ್ಗೆ ಇದ್ದುದ್ದೇ ಮೂರು ಹಲ್ಲು!" ಎಂದರಂತೆ. ಆಮೇಲೆ ಅತ್ತೆ ತಿದ್ದುವ ಕೆಲಸವನ್ನೇ ಕಡಿಮೆ ಮಾಡಿದರು. ಅಣ್ಣತಮ್ಮಂದಿರು ಜಗಳವಾಡಿ ಬಂದರೆ, "ಬೇರೆ ಕಡೆ ಓಗಿ" ಎಂದು ಕಳಿಸುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆ.

ಕಳೆದ ವರ್ಷ ಅಮ್ಮ ಹೋದರು. ಎರಡೇ ದಿನದ ಜ್ವರ. ತಂಗಿಗೆ ಅತ್ತೆಯೇ ಫೋನ್ ಮಾಡಿದ್ದರು. ಅವಳು ಗಂಡ, ಮಗಳೊಂದಿಗೆ ಬಂದು ಅಮ್ಮನ ಕಾಲ ಹತ್ತಿರ ಕೂತಳು. ನಾನು ಸರಿದು ಜಾಗ ಬಿಟ್ಟೆ. ಕಾರ್ಯವೆಲ್ಲ ಮುಗಿದ ಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನನ್ನು ಒಂದು ಮಾತು ಕೇಳಿದಳು.

"ಅಣ್ಣ, ನಾವೆಲ್ಲ ಚಿಕ್ಕೋರಿದ್ದಾಗ ಮಾವ ತೆಗೆದ ಫೋಟೋ ಇತ್ತಲ್ಲ, ಅದ್ರದೊಂದು ಕಾಪಿ ಕೊಡ್ತೀಯಾ? ನಾನೂ ಅಮ್ಮನೂ ಜೊತೇಲಿರೋದು ಅದೊಂದೇ."

ಅವಳಿಲ್ಲದ ಪ್ರಿಂಟು ಒಳಗಿನ ಕೋಣೆಯ ಗೋಡೆಯಲ್ಲಿತ್ತು. ಅವಳು ಅಲ್ಲಿಗೆ ಬಂದಿರಲಿಲ್ಲ. ಕೊಡ್ತೀನಿ ಎಂದೆ. ಮರುದಿನವೇ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ ನರಸೀಪುರಕ್ಕೆ ಓಡಿದೆ.

"ಅತ್ತೆ, ಅವಳನ್ನು ಮಡಿಕೆಯೊಳಗೆ ಇಟ್ಟಿದ್ದಿರಿ ತಾನೆ?"

"ಇಟ್ಟಿದ್ದೆ ಕಣ್ಲಾ. ನೀನು ತಗೀರಿ ಅಂದ ದಿನ ನಾನು ತಗೀಲಿಲ್ಲ. ಬಾಗಿನ ಕೊಟ್ಟ ದಿನ ನೀನೇ ತಗ್ದೆ."

ಆಗ ಗೊತ್ತಾಯಿತು, ಬಾಗಿನ ಕೊಟ್ಟ ಮರುದಿನವೇ ಅತ್ತೆ ಒಬ್ಬರೇ ಮೈಸೂರಿಗೆ ಹೋಗಿ, ಆ ಅಂಗಡಿ ಹುಡುಕಿ, ಹಳೇ ಡಬ್ಬ ವಾಪಸ್ ಕೊಡಿ ಎಂದು ಕೇಳಿದ್ದರು. ಅವನು ಅಷ್ಟರಲ್ಲಿ ಎಲ್ಲ ಒರೆಸಿ, ಬಿಚ್ಚಿ, ಮಾರಿದ್ದ.

"ಅವತ್ತೇ ಯಾಕೆ ಹೇಳಲಿಲ್ಲ?"

"ಏಳಿದ್ರೆ ಬತ್ತಿದ್ಲಾ? ನೀನು ಅಷ್ಟು ಕುಸಿಯಾಗಿದ್ದೆ."

ಮಾವನ ಕಾಲದ ನೆಗೆಟಿವ್ ಎಂದೋ ಮಳೆಗೆ ಹಾಳಾಗಿತ್ತು. ಈಗಿನ ವರ್ಷನ್ನಿನಲ್ಲಿ ಅವಳ ಬೇರೆ ಫೋಟೋ ತಂದು ಸೇರಿಸಬಹುದಲ್ಲ ಎಂದೆ. ಬೇಕಾದರೆ ಮಾಡಬಹುದು, ನೀನೇ ಅವಳಿಗೆ ಇದೇ ನಿಜವಾದದ್ದು ಎಂದು ಹೇಳುವೆಯಾ, ಅಂದರು ಅತ್ತೆ. ಆ ಧೈರ್ಯ ನನಗಿರಲಿಲ್ಲ.

ಗೋಡೆಯ ಫೋಟೋವನ್ನೇ ಪೇಪರಿನಲ್ಲಿ ಸುತ್ತಿಕೊಂಡು ತಂಗಿಯ ಮನೆಗೆ ಹೋದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಅಷ್ಟು ವರ್ಷ ನಾನು ಆ ಬೀದಿಯನ್ನು ಬಳಸಿಕೊಂಡು ಓಡಾಡಿದ್ದೆ. ನಡೆದುದನ್ನೆಲ್ಲ ಹೇಳಿದೆ. ಹರಿದದ್ದು, ತೆಗೆಸಿದ್ದು, ಒರೆಸಿದ್ದು. ಅವಳು ಪೇಪರ್ ಬಿಚ್ಚಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

ನಾಲ್ಕು ವರ್ಷದ ಅವಳ ಮಗಳು ಪಕ್ಕದಲ್ಲಿ ಬಂದು ಬಗ್ಗಿದಳು. ಫೋಟೋದಲ್ಲಿ ಅಮ್ಮ ಕುರ್ಚಿಯ ಮೇಲಿದ್ದಾರೆ. ಹರಿದ ಫೋಟೋದಲ್ಲಿ ತಂಗಿ ಅವರ ಕಾಲ ಬಳಿ ಕೂತಿದ್ದಳು. ಅವಳ ತಲೆಯ ಮೇಲಿಟ್ಟಿದ್ದ ಅಮ್ಮನ ಬಲಗೈ, ಬೆರಳು ಕೊಂಚ ಮಡಿಸಿ, ಗಾಳಿಯಲ್ಲಿ ಹಾಗೆಯೇ ನಿಂತಿದೆ. ಅತ್ತೆ ಅದನ್ನು ಮುಚ್ಚಿರಲಿಲ್ಲ. ಅಷ್ಟು ವರ್ಷ ಅದೇ ಗೋಡೆಯ ಕೆಳಗೆ ಓಡಾಡಿದ ನಾನು ಆ ಕೈಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಮಗು ಆ ಕೈಯ ಮೇಲೆ ಬೆರಳಿಟ್ಟಿತು.

"ಅಜ್ಜಿ ಯಾರನ್ನ ಬಾ ಅಂತಾವ್ರೆ?"

"ನನ್ನ ಕಣೇ" ಅಂದಳು ತಂಗಿ.