ಸುಮನಕ್ಕನ ಈಜುಕೊಳ

ನನಗೊಂದು ಚಟವಿದೆ. ಎಲ್ಲೇ ಸಾಲು ಕಂಡರೂ ಮೊದಲು ನಿಂತವರು ಯಾಕೆ ಮೊದಲು ನಿಂತಿದ್ದಾರೆ ಎಂದು ತಿಳಿಯದೆ ಊಟ ಸೇರುವುದಿಲ್ಲ. ತವರೂರು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಒಂದರ ಹಿಂದೊಂದು ನಿಂತ ಬಸ್ಸುಗಳನ್ನು ಕಂಡು, ಇದೇ ಯಾಕೆ ಮುಂದೆ ಎಂದು ಕಂಟ್ರೋಲರರನ್ನು ವಿಚಾರಿಸಿ ಬೈಸಿಕೊಂಡವಳು ನಾನು. ಕಾರವಾರದ ಒಂದು ಕಾಲೇಜಿನಲ್ಲಿ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸುವ ಲೈಬ್ರರಿಯನ್ ಕೆಲಸವೇ ಸಿಕ್ಕಿದ್ದರಿಂದ ಚಟ ಇನ್ನಷ್ಟು ಬಲಿಯಿತು. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ತೊಂಬತ್ತರ ದಶಕದ ಕೊನೆಗೆ ಊರಿಗೆ ಇಂಟರ್ನೆಟ್ ಬರುವ ತನಕ.

ಸದಾಶಿವಗಡದ ನಮ್ಮ ಬಾಡಿಗೆ ಮನೆಗೆ ವರ್ಷಗಟ್ಟಲೆ ಮೀನು ತಂದುಕೊಟ್ಟವಳು ದೇವಬಾಗದ ಸುಮನಕ್ಕ. ಮೊಣಕಾಲು ನೋವು ಬಂದು ಬುಟ್ಟಿ ಹೊರುವುದು ಆಗದೆ ಹೋದಾಗ, ಮನೆಯ ಹಿಂದೆ ಎರಡು ಕೋಣೆ ಕಟ್ಟಿಸಿ, ಸಮುದ್ರ ನೋಡಲು ಬಂದವರಿಗೆ ಊಟ ಹಾಕಿ ಇಳಿದುಕೊಳ್ಳಲು ಜಾಗ ಕೊಡತೊಡಗಿದಳು. ಕೋಣೆ ಕಟ್ಟಿದ್ದೇನೋ ಆಯಿತು, ಜನ ಬರಬೇಕಲ್ಲ! ದೀಪಾವಳಿ ರಜೆ ಕಳೆದರೂ ಬಂದವರು ಇಬ್ಬರೇ. ಅವರಲ್ಲೊಬ್ಬ ಪುಣೆಯ ಕಂಪ್ಯೂಟರ್ ಮಾಸ್ತರ. ಬಂಗಡೆ ಸಾರು ಉಂಡು ಎಷ್ಟು ಖುಷಿಪಟ್ಟನೆಂದರೆ, ಊರಿಗೆ ಹೋದ ಮೇಲೆ ಅವಳ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲೊಂದು ಪುಟ ಮಾಡಿ, ಅದನ್ನು ತಿದ್ದುವುದಕ್ಕೆ ಬೇಕಾದ ಗುಟ್ಟಿನ ಪಾಸ್‌ವರ್ಡನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿದ. ಪೋಸ್ಟ್‌ಮನ್ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದರಿಂದ ಇಡೀ ದೇವಬಾಗಕ್ಕೆ ಆ ಗುಟ್ಟು ಗೊತ್ತಿತ್ತು.

"ಅಕ್ಕೋರೆ, ನನ್ನ ಹೆಸರು ಈಗ ಲೋಕಕ್ಕೆಲ್ಲ ಕಾಣ್ತದಂತೆ. ಮತ್ತೆ ಲೋಕದವರು ಯಾರೂ ಯಾಕೆ ಬರೂದಿಲ್ಲ? ಚೂರು ನೋಡಿ ಹೇಳಿ" ಎಂದು ಸುಮನಕ್ಕ ಕಾರ್ಡನ್ನು ನನ್ನ ಕೈಗಿತ್ತಳು. ಬರುವ ಮಳೆಗಾಲದೊಳಗೆ ಜನ ಬರದಿದ್ದರೆ ಮತ್ತೆ ಬುಟ್ಟಿ ಹೊರಬೇಕಾಗುತ್ತದೆ ಎಂದೂ ಹೇಳಿದಳು. ಹೇಳುವಾಗ ಅವಳ ಕೈ ತಾನಾಗಿ ಮೊಣಕಾಲಿಗೆ ಹೋಯಿತು.

ಕಾರವಾರದಲ್ಲಿ ದಾಮೋದರ ಎಂಬವರು ತಮ್ಮ ಝೆರಾಕ್ಸ್ ಅಂಗಡಿಯ ಒಳಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಶುರುಮಾಡಿದ್ದರು. ನಾನು ಹೋಗಿ, 'ಕಾರವಾರ' ಎಂದು ಇಂಗ್ಲಿಷಿನಲ್ಲಿ ಹುಡುಕಿಸಿದೆ. ಮೊದಲು ಬಂದದ್ದು ಯಾವುದೋ ದೇಶದಲ್ಲಿರುವ ಕಾರವಾರಕರ ಎಂಬ ಗೃಹಸ್ಥನ ಮದುವೆ ಫೋಟೋಗಳು. ಎರಡನೆಯದು ಅವನ ತಮ್ಮನ ಮದುವೆ. ಸುಮನಕ್ಕ ಎಲ್ಲಿ ಎಂದು ಪುಟದ ಮೇಲೆ ಪುಟ ತಿರುವಿದರೆ, ಕಣ್ಣು ಉರಿಯತೊಡಗಿದ ಮೇಲೆ ಎಲ್ಲೋ ತಳದಲ್ಲಿ ಸಿಕ್ಕಳು.

"ಇವನು ಯಾಕೆ ಮೊದಲು? ಒಳಗೆ ಕೂತು ಇದನ್ನು ನಿರ್ಧರಿಸೋದು ಯಾರು?" ಎಂದು ಕೇಳಿದೆ.

"ಒಳಗೆ ಯಾರೂ ಕೂತಿರೂದಿಲ್ಲ ಅಕ್ಕೋರೆ" ಎಂದರು ದಾಮೋದರ. "ನೀವು ಕೇಳಿದ ಶಬ್ದ ಯಾವ ಪುಟದಲ್ಲಿ ಜಾಸ್ತಿ ಸಲ ಬಂದದೆ ಅಂತ ಮಿಷನ್ನು ಎಣಿಸ್ತದೆ, ಅಷ್ಟೇ."

ಆ ಗೃಹಸ್ಥ ಪ್ರತಿಯೊಂದು ಫೋಟೋದ ಕೆಳಗೂ ಅತ್ತೆ ಕಾರವಾರಕರ, ಮಾವ ಕಾರವಾರಕರ ಎಂದು ಬರೆದುಕೊಂಡಿದ್ದ. ಹಾಗಾದರೆ ನಾವೂ ಬರೆಯೋಣ! ಸುಮನಕ್ಕನ ಪುಟದ ತಳದಲ್ಲಿ 'ಕಾರವಾರ' ಎಂದು ಅರವತ್ತು ಸಲ ಬರೆಸಿದೆ. ಓದುವವರಿಗೆ ಅಸಹ್ಯವಾಗಬಾರದೆಂದು, ನೀಲಿ ಪುಟದ ಮೇಲೆ ಅದೇ ನೀಲಿ ಬಣ್ಣದ ಅಕ್ಷರದಲ್ಲಿ. ಮನುಷ್ಯರಿಗೆ ಕಾಣುವುದಿಲ್ಲ, ಮಿಷನ್ನಿಗೆ ಕಾಣುತ್ತದೆ. ತಿಂಗಳೊಳಗೆ ಸುಮನಕ್ಕ ತಳದಿಂದೆದ್ದು ಎರಡನೇ ಪುಟಕ್ಕೆ ಬಂದಳು. ನನಗೆ ಆದ ಆನಂದ ಅಷ್ಟಿಷ್ಟಲ್ಲ. ಅಲ್ಲಿಗೆ ಸುಮ್ಮನಾಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಜನ ಏನೇನು ಹುಡುಕಬಹುದು ಎಂದು ಯೋಚಿಸಿ, ಗೋವಾ, ಫೈವ್ ಸ್ಟಾರ್, ಏಸಿ ರೂಮ್, ಈಜುಕೊಳ ಎಂದೆಲ್ಲ ನೀಲಿಯಲ್ಲಿ ನೀಲಿ ತುಂಬಿಸಿದೆ. ಇಪ್ಪತ್ತು ವರ್ಷ ಪುಸ್ತಕಗಳನ್ನು ಜಾಗ ತಪ್ಪದಂತೆ ಜೋಡಿಸಿದವಳು, ಸುಳ್ಳನ್ನೂ ಅಷ್ಟೇ ಅಚ್ಚುಕಟ್ಟಾಗಿ ಜೋಡಿಸಿದೆ. ಸುಮನಕ್ಕ ಮೊದಲ ಪುಟಕ್ಕೆ ಬಂದಳು.

ಕ್ರಿಸ್ಮಸ್ ರಜೆಯಲ್ಲಿ ಹುಬ್ಬಳ್ಳಿಯ ಕುಟುಂಬವೊಂದು ಬಂದಿಳಿಯಿತು. ಗಂಡ, ಹೆಂಡತಿ, ಕಂಪ್ಯೂಟರ್ ಕಲಿಯುತ್ತಿದ್ದ ಮಗಳು, ಜೊತೆಗೆ ವಯಸ್ಸಾದ ಅಜ್ಜಿ. ಅವರು ಹುಡುಕಿದಾಗ ಪಟ್ಟಿಯಲ್ಲಿ ಹೆಸರಿನ ಕೆಳಗೆ ನನ್ನ ನೀಲಿ ಶಬ್ದಗಳೇ ಕಪ್ಪಾಗಿ ಕಾಣಿಸಿಕೊಂಡಿದ್ದವಂತೆ. ಪುಟ ಪೂರ್ತಿ ತೆರೆದುಕೊಳ್ಳುವ ಮೊದಲೇ ಕರೆಂಟು ಹೋಗಿತ್ತಂತೆ. ಯಜಮಾನರು ಹೊಸ ಈಜುಚಡ್ಡಿ ತಂದಿದ್ದರು. ಸಾಮಾನು ಇಳಿಸಿದವರೇ, "ಈಜುಕೊಳ ಎಲ್ಲೈತ್ರಿ?" ಎಂದು ಕೇಳಿದರು.

ಸುಮನಕ್ಕ ಗಾಳಿ ಮರಗಳಾಚೆಗೆ ಕೈ ತೋರಿಸಿ, "ಅಲ್ಲಿ ಕಾಣೂದಿಲ್ವಾ ಸಮುದ್ರ? ಅಷ್ಟು ದೊಡ್ಡದು ಸಾಲೂದಿಲ್ವಾ?" ಎಂದಳು.

ಆಮೇಲೆ ಮಗಳು ಎಲ್ಲವನ್ನೂ ಬಿಡಿಸಿ ಹೇಳಿದಾಗ ಸುಮನಕ್ಕನಿಗೆ ಅರ್ಥವಾಯಿತು. ನನಗೆ ಬುಲಾವ್ ಬಂತು. ಹೋದರೆ, ಅಜ್ಜಿ ಮರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಉಳಿದವರು ನಿಂತಿದ್ದರು, ಸುಮನಕ್ಕನ ಮುಖ ಕೆಂಪಾಗಿತ್ತು.

"ಅಕ್ಕೋರೆ, ನಿಮ್ಮ ಬಾಗಿಲಿಗೆ ಇಷ್ಟು ವರ್ಷ ಮೀನು ತಂದೆ. ನಿನ್ನೆಯ ಬಂಗಡೆಯನ್ನ ಇವತ್ತಿದು ಅಂತ ಒಂದು ದಿನ ಹೇಳಿದ್ನಾ? ನನ್ನ ಹೆಸರಲ್ಲಿ ಸುಳ್ಳು ಯಾಕೆ ಬರ್ದ್ರಿ?"

ಹುಬ್ಬಳ್ಳಿಯವರ ಎದುರು ಕೈಮುಗಿದು, ಬರೆದದ್ದು ನಾನು, ಈ ಹೆಂಗಸಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ ಎಂದೆ. ಯಜಮಾನರು ಗುಡುಗುವುದಕ್ಕೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅಜ್ಜಿ, "ಬೈಯೋದು ಆಮ್ಯಾಲೆ ಬೈ. ನಾ ಹುಟ್ಟಿದಾಗಿಂದ ಸಮುದ್ರ ಕಂಡಾಕಿ ಅಲ್ಲ, ಮೊದಲ ನನ್ನ ನೀರತ್ರ ಕರ್ಕೊಂಡು ಹೋಗ್ರಿ" ಎಂದರು. ಸುಮನಕ್ಕ ತನ್ನ ಮೊಣಕಾಲು ಮರೆತು ಅಜ್ಜಿಯ ತೋಳು ಹಿಡಿದು ನಡೆಸಿಕೊಂಡು ಹೋದಳು. ತೆರೆ ಬಂದು ಪಾದ ತೊಳೆದಾಗ ಆ ಅಜ್ಜಿ ನಕ್ಕ ನಗೆಗೆ ಮಗನ ಸಿಟ್ಟು ಅಲ್ಲೇ ಇಳಿಯಿತು. ಒಂದು ದಿನಕ್ಕೆಂದು ಬಂದವರು ನಾಲ್ಕು ದಿನ ಉಳಿದರು. ಅಜ್ಜಿಗೆಂದು ಬೇರೆ ಒಲೆಯಲ್ಲಿ ಬೇಳೆಸಾರು, ಉಳಿದವರಿಗೆ ಮೀನು.

ನಾನು ಮರುದಿನವೇ ಹೋಗಿ ನೀಲಿಯನ್ನೆಲ್ಲ ಅಳಿಸಿಸಿದೆ. ಸುಮನಕ್ಕ ಮತ್ತೆ ತಳಕ್ಕೆ ಹೋದಳು. ಆದರೆ ಕೆಲವು ತಿಂಗಳ ನಂತರ ದಾಮೋದರ ನನ್ನನ್ನು ಕರೆಸಿ, "ಹೊಸ ನಮೂನೆಯ ಹುಡುಕುವ ಯಂತ್ರ ಬಂದದೆ, ನೋಡಿ" ಎಂದರು. 'ಕಾರವಾರ, ಊಟ, ಸಮುದ್ರ' ಎಂದು ಕೇಳಿದರೆ ಮೊದಲನೆಯದೇ ಸುಮನಕ್ಕ! ಹೇಗೆ ಎಂದು ಬೆರಗಾದೆ. "ಇದು ಪುಟ ತನ್ನ ಬಗ್ಗೆ ಎಂತ ಹೇಳಿಕೊಳ್ತದೆ ಅಂತ ಅಷ್ಟು ನೋಡೂದಿಲ್ಲ. ಬೇರೆ ಪುಟದವರು ಇದರ ಕಡೆ ಎಷ್ಟು ಬೆರಳು ತೋರಿಸಿದ್ದಾರೆ ಅಂತ ನೋಡ್ತದೆ" ಎಂದರು. ಹುಬ್ಬಳ್ಳಿಯ ಮಗಳು ಆ ನಾಲ್ಕು ದಿನಗಳ ಬಗ್ಗೆ ತನ್ನ ಪುಟದಲ್ಲಿ ಬರೆದು ಸುಮನಕ್ಕನ ಪುಟಕ್ಕೆ ಲಿಂಕ್ ಎಂಬ ದಾರಿ ಹಾಕಿದ್ದಳು. ಅದನ್ನು ಓದಿದ ಅವಳ ಗೆಳತಿಯರು ತಮ್ಮ ತಮ್ಮ ಪುಟಗಳಿಂದಲೂ ಹಾಕಿದ್ದರು. ನನಗೆ ನಾಚಿಕೆಯಾಯಿತು. ಲೈಬ್ರರಿಯಲ್ಲಿ ಒಳ್ಳೆಯ ಪುಸ್ತಕ ಕೊಡಿ ಎಂದವರಿಗೆ ನಾನು ರಕ್ಷಾಪುಟದ ಹೊಗಳಿಕೆ ಓದಿ ಕೊಟ್ಟವಳೇ ಅಲ್ಲ. ಹಿಂಬದಿಯ ಚೀಟಿ ತೆಗೆದು, ಎಷ್ಟು ಜನ ಒಯ್ದ ತಾರೀಕಿನ ಮುದ್ರೆ ಬಿದ್ದಿದೆ ಎಂದು ನೋಡಿಯೇ ಕೊಡುತ್ತಿದ್ದೆ. ಮಿಷನ್ನಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಸುಮನಕ್ಕನ ಎರಡೂ ಕೋಣೆ ತುಂಬತೊಡಗಿದವು. ಮೀನಿನ ಬುಟ್ಟಿಯಲ್ಲಿ ಈಗ ಅವಳ ಕೋಳಿ ಕಾವು ಕೂರುತ್ತದೆ. ಒಂದು ದಿನ ಸುಮ್ಮನೆ ಕುತೂಹಲಕ್ಕೆ ನನ್ನ ಹೆಸರನ್ನೇ ಹೊಸ ಯಂತ್ರದಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ, ಹುಬ್ಬಳ್ಳಿಯ ಹುಡುಗಿಯ ಪುಟದಿಂದ ಒಂದು ಸಾಲು: 'ಸದಾಶಿವಗಡದ ಲೈಬ್ರರಿಯನ್ ಶಾರದಾ ಬಾಯಿ, ಇಲ್ಲದ ಈಜುಕೊಳವನ್ನು ಇದೆ ಎಂದು ಬರೆದವರು.' ಹಿಂದೆ ನಿಂತು ಬಗ್ಗಿ ನೋಡುತ್ತಿದ್ದ ದಾಮೋದರ, "ಪ್ರಿಂಟ್ ತೆಗೀಲಾ ಅಕ್ಕೋರೆ?" ಎಂದು ಕೇಳಿದರು. ಬೇಡವೇ ಬೇಡ ಎಂದು ಎದ್ದು ಬಂದೆ. ಆದರೂ ಆ ಹಾಳೆ ಹೇಗೋ ದೇವಬಾಗ ತಲುಪಿ, ಸುಮನಕ್ಕನ ಊಟದ ಕೋಣೆಯಲ್ಲಿ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ತೂಗುತ್ತಿದೆ. ಊಟಕ್ಕೆ ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ.