ಮುನಿರಾಜ ಹೊತ್ತ ಹರಕೆ

ಮುನಿರಾಜನ ಸೈಕಲ್ಲಿಗೆ ಸ್ಟ್ಯಾಂಡ್ ಇರಲಿಲ್ಲ. ಇಂಥ ಗೇರಿನ ರೇಸ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಪದ್ಧತಿಯಿಲ್ಲ, ಹಾಕಿದರೆ ತೂಕ ಹೆಚ್ಚಾಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಮುನಿರಾಜನಂಥ ಭಾರೀ ಆಳು ಹತ್ತಿ ಕೂರುವ ಸೈಕಲ್ಲಿಗೆ ಒಂದು ಸ್ಟ್ಯಾಂಡಿನ ತೂಕ ಯಾವ ಲೆಕ್ಕ ಎಂದು ಆಗಲೇ ಕೇಳಬೇಕಿತ್ತು, ಅವನು ಕೇಳಲಿಲ್ಲ. ಹೀಗಾಗಿ ಆ ಸೈಕಲ್ಲು ಮೂಕಂಡಪಲ್ಲಿಯ ಅವನ ಮನೆಯಲ್ಲಿ ಸದಾ ಗೋಡೆಗೆ ಒರಗಿಕೊಂಡೇ ಬಾಳುತ್ತಿತ್ತು. ಶನಿವಾರ ಸಂಜೆ, ಯಾರೂ ಮುಟ್ಟದೆ ಇದ್ದಾಗ, ತಾನಾಗಿಯೇ ಜಾರಿ ಬಂದು ಸುಗುಣಾ ಆಗಷ್ಟೇ ರುಬ್ಬಿಟ್ಟಿದ್ದ ಇಡ್ಲಿ ಹಿಟ್ಟಿನ ಪಾತ್ರೆಯ ಮೇಲೆ ಬಿತ್ತು. ಪಾತ್ರೆ ಮಗುಚಿ ಹಿಟ್ಟೆಲ್ಲ ನೆಲದ ಪಾಲಾಯಿತು.

ಸುಗುಣಾ ಜಗಳಗಂಟಿಯಲ್ಲ. ಸೊಂಟನೋವಿನ ಹೆಂಗಸು, ನೋವಿನಲ್ಲೇ ಹಿಟ್ಟು ರುಬ್ಬಿದ್ದಳು. ನೆಲವನ್ನೆಲ್ಲ ಒರೆಸಿ ಮುಗಿಸಿ, ಗಂಡನ ಎದುರು ಕೂತು, ದನಿಯೇರಿಸದೆ ತೀರ್ಪು ಕೊಟ್ಟಳು.

"ಎರಡು ಸಲ ಆ ಬೆಟ್ಟದ ರೋಡಿಗೆ ಹೋದ್ರಿ. ಎರಡು ಸಲಾನೂ ಲಗೇಜ್ ಆಟೋದಾಗೆ ಸೈಕಲ್ ಮಲಗಿಸ್ಕಂಡು ಬಂದ್ರಿ. ಇಡೀ ಬೀದಿ ನೋಡ್ತು. ನಾಳೆ ಯಾರ ಗಾಡೀನೂ ಹತ್ತದೆ ಒಂದು ಸುತ್ತು ಪೂರ್ತಿ ಮುಗಿಸ್ಕಂಡು ಬನ್ನಿ, ಸೈಕಲ್ಲು ಮನೇಲೇ ಇರ್ಲಿ, ನಾನು ತುಟಿ ಪಿಟಕ್ ಅನ್ನಕಿಲ್ಲ. ಆಗ್ಲಿಲ್ವಾ, ಸಾಯಂಕಾಲ ನಮ್ಮ ರವಿ ಬತ್ತಾನೆ. ಎತ್ಕಂಡೋಗಿ ಮಾರ್ಬುಡ್ತಾನೆ."

ರವಿ ಎಂದರೆ ಅವಳ ತಮ್ಮ ರವಿಕುಮಾರ್. ಬಾಗಲೂರಿನಲ್ಲಿ ಹಳೆಯ ಗಾಡಿಗಳನ್ನು ಕೊಂಡು ಮಾರುವುದೇ ಅವನ ಕಸುಬು. ಅವನ ಕಣ್ಣಿಗೆ ಬಿದ್ದ ವಾಹನ ಮಾರಾಟವಾಗದೆ ಉಳಿದ ಉದಾಹರಣೆ ಇಲ್ಲ.

ಸುತ್ತು ಎಂದರೆ ಹೊಸೂರಿನಿಂದ ಹೊರಟು ಮತ್ತಿಗಿರಿ, ತಳಿ, ಅಲ್ಲಿಂದ ಕಾಡು ಹೊಕ್ಕು ಜವಳಗಿರಿ, ಮತ್ತೆ ಡೆಂಕಣಿಕೋಟೆಯ ಮೇಲೆ ಬಳಸಿ ಮನೆಗೆ. ಮುನಿರಾಜನಿಗೆ ಆ ದಾರಿಯ ಮೇಲೆ ನಿಜವಾದ ಪ್ರೀತಿ. ವಾರವೆಲ್ಲ ಕಾರ್ಖಾನೆಯಲ್ಲಿ ತಗಡು ಬಡಿಯುವ ಯಂತ್ರಗಳ ನಡುವೆ ಸೂಪರ್‌ವೈಸರ್ ಆಗಿ ಕಿರುಚಿ ಕಿರುಚಿ ಅವನ ಗಂಟಲು ಒಡೆದಿತ್ತು. ಜವಳಗಿರಿ ದಾಟಿದ ಮೇಲೆ ಕಾಡಿನ ನಡುವೆ ಒಂದು ಇಳಿಜಾರಿದೆ. ಅಲ್ಲಿ ಸೈಕಲ್ಲು ಸದ್ದೇ ಇಲ್ಲದೆ ಹರಿದುಹೋಗುವಾಗ ತನಗೆ ವಯಸ್ಸಾಗಿದೆ ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು. ಎರಡು ಸಲ ಕಂಡ ಸುಖ ಅಷ್ಟೇ, ಆದರೆ ಅದಕ್ಕಾಗಿ ಅವನು ಏನು ಬೇಕಾದರೂ ಮಾಡಲು ಸಿದ್ಧನಿದ್ದ. ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳುವುದು ಹೇಗೆಂದು ತಿಳಿಯದೆ ಸುಮ್ಮನೆ ಆಗಲಿ ಎಂದ.

ಭಾನುವಾರ ಬೆಳಕು ಹರಿಯುತ್ತಲೇ ಮೈಗಂಟುವ ಸೈಕಲ್ ಚಡ್ಡಿ ತೊಟ್ಟು ಹೊರಟ. ಮತ್ತಿಗಿರಿ ದಾಟುವವರೆಗೆ ಎಲ್ಲ ಸಲೀಸು. ತಳಿಯ ಕಡೆಯ ಏರಿನಲ್ಲಿ ಉಸಿರು ಕಟ್ಟಿತು, ಇಳಿದು ತಳ್ಳತೊಡಗಿದ. ತಳ್ಳಬಾರದೆಂದು ಸುಗುಣಾ ಹೇಳಿರಲಿಲ್ಲ. ಆದರೆ ಒಂದು ವಿಷಯವನ್ನು ಅವನು ಮರೆತಿದ್ದ. ತಳಿಯ ಸುತ್ತಮುತ್ತ ಇರುವುದೆಲ್ಲ ಅವನ ತಾಯಿಯ ಕಡೆಯ ಬಂಧುಬಳಗ; ಹಿಂದಿನ ಎರಡು ಸಲ ಹೇಗೋ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಕಡೆ ಸೈಕಲ್ಲು ತುಳಿಯುವುದು ಅವಮಾನವೇನಲ್ಲ. ಬೈಕು ಇಟ್ಟುಕೊಂಡವನು ಮತ್ತೆ ಸೈಕಲ್ಲಿಗೆ ಇಳಿದನೆಂದರೆ ಮಾತ್ರ ಮನೆಯಲ್ಲಿ ಏನೋ ಮುಳುಗಿದೆ ಎಂದೇ ಅರ್ಥ.

ಅವನ ಸೋದರಮಾವ ಅಂಜನಪ್ಪ ಹೊಸೂರು ಮಾರ್ಕೆಟ್ಟಿಗೆ ಕೋಸು ಹಾಕಿ ಖಾಲಿ ಗಾಡಿಯಲ್ಲಿ ಊರಿಗೆ ಮರಳುತ್ತಿದ್ದವನು ಅಳಿಯನನ್ನು ಕಂಡು ಬ್ರೇಕು ಒತ್ತಿದ.

"ಬೈಕು ಏನಾಯ್ತ್ಲಾ? ಫೈನಾನ್ಸ್‌ನೋರು ಎತ್ಕಂಡೋದ್ರಾ?"

"ಇಲ್ಲ ಮಾವ, ಮನೇಲೈತೆ. ಸುಮ್ನೆ ಸೈಕಲ್ ತುಳಿಯಾನ ಅಂತ ಬಂದೆ."

"ಸುಮ್ನೆ ಯಾರ್ಲಾ ಏರು ಹತ್ತಾರೆ?"

ಮುನಿರಾಜ ಏದುಸಿರು ಬಿಡುತ್ತ ಹ್ಯಾಂಡಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಅಂಜನಪ್ಪ ಇಳಿದು ಸೈಕಲ್ಲನ್ನು ಸುತ್ತಲೂ ನೋಡಿ, ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡು ಎಲ್ಲವನ್ನೂ ಯಾರೋ ಬಿಚ್ಚಿ ಮಾರಿಕೊಂಡಿದ್ದಾರೆಂದು ತೀರ್ಮಾನಿಸಿ, ಒಂದೇ ಕೈಯಲ್ಲಿ ಅದನ್ನು ಗಾಡಿಗೆ ಎಸೆಯಲು ಹೊರಟ. ಮಾವ ಅತ್ತ, ಅಳಿಯ ಇತ್ತ ಎಳೆದಾಡಿದರು. ಕೊನೆಗೆ ಮುನಿರಾಜ ಬಿಡಿಸಿಕೊಂಡು ಹತ್ತಿ ತುಳಿದ. ಏರೆಂಬುದನ್ನೂ ಮರೆತು ತುಳಿದ. ಹಿಂದೆ ಅಂಜನಪ್ಪ ನಿಟ್ಟುಸಿರು ಬಿಟ್ಟು ಫೋನು ಕೈಗೆತ್ತಿಕೊಂಡದ್ದು ಅವನಿಗೆ ಕಾಣಲಿಲ್ಲ.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬಂತೆ, ತಳಿಯ ಬಸ್‌ಸ್ಟಾಪಿನಲ್ಲಿ ಚಿಕ್ಕಮ್ಮ ಮುನಿಗಂಗಮ್ಮ ಬೀದಿಯ ಹೆಂಗಸರೊಡನೆ ರಸ್ತೆಗೆ ಅಡ್ಡವಾಗಿ ನಿಂತಿದ್ದಳು. ಅಣ್ಣನ ಫೋನು ಬಂದಾಗಿತ್ತು. ಚಡ್ಡಿಯನ್ನು ನೋಡಿ ಅವಳ ಕಣ್ಣು ತುಂಬಿಬಂತು. ಪ್ಯಾಂಟಿಗೂ ಗತಿಯಿಲ್ಲದಂತಾಯಿತೇ ಅಕ್ಕನ ಮಗನಿಗೆ ಎಂದು ಗೋಳಾಡುತ್ತ ಗಂಡನ ಒಂದು ಪಂಚೆ ತರಿಸಿ ಅವನ ಸೊಂಟಕ್ಕೆ ತಾನೇ ಸುತ್ತಿದಳು. ಕೆಲಸ ಹೋಯಿತೇ, ಹೆಂಡತಿ ಹೊರಗೆ ಹಾಕಿದಳೇ ಎಂದು ಹೆಂಗಸರು ಒಬ್ಬೊಬ್ಬರೇ ವಿಚಾರಿಸಿದರು. ಕೊನೆಗೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ಅವನನ್ನು ಒಳಗೆ ಕೂರಿಸಿ ಊರಿಗೆ ಕಳಿಸುವುದೆಂದು ಠರಾವಾಯಿತು. ಬಸ್ಸೂ ಬಂದು ನಿಂತಿತು, ಕಂಡಕ್ಟರು ಹ್ಯಾಂಡಲಿಗೆ ಕೈ ಹಾಕಿಯೂಬಿಟ್ಟ.

ಬಸ್ಸು ಹತ್ತಿದರೆ ಸೈಕಲ್ಲು ಹೋಯಿತು. ಆ ಗಳಿಗೆಯಲ್ಲಿ ಮುನಿರಾಜನ ಬಾಯಿಂದ ಮಾತೊಂದು ತಾನಾಗಿ ಹೊರಬಿತ್ತು.

"ಹರಕೆ ಚಿಕ್ಕಮ್ಮ. ಜವಳಗಿರಿ ಕಾಡಿನ ಮುನೇಶ್ವರಂಗೆ. ಯಾರ ಗಾಡೀನೂ ಹತ್ತಂಗಿಲ್ಲ."

ಕಂಡಕ್ಟರು ಕೆಂಡ ಮುಟ್ಟಿದವನಂತೆ ಕೈ ತೆಗೆದ. ಹೆಂಗಸರು ದಾರಿ ಬಿಟ್ಟರು. ಮೊದಲೇ ಹೇಳಬಾರದಿತ್ತೇನಪ್ಪಾ ಎಂದು ಚಿಕ್ಕಮ್ಮ ಕೆನ್ನೆ ಬಡಿದುಕೊಂಡಳು. ಯಾತಕ್ಕೆ ಹೊತ್ತ ಹರಕೆ ಎಂದು ಕೇಳಿದಾಗ ಮುನಿರಾಜ ಮನೆ ವಿಷಯ ಎಂದಷ್ಟೇ ತೊದಲಿದ. ಚಿಕ್ಕಮ್ಮ ತಲೆಯಾಡಿಸಿದಳು. ಸುಗುಣಾಳ ಸೊಂಟನೋವು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇಷ್ಟು ಸುಲಭದ ಮಂತ್ರ ಬೆಳಿಗ್ಗೆಯೇ ಹೊಳೆಯಲಿಲ್ಲವಲ್ಲ ಎಂದು ಮುನಿರಾಜ ತನ್ನನ್ನೇ ಬೈದುಕೊಂಡು ಪೆಡಲಿನ ಮೇಲೆ ಕಾಲಿಟ್ಟ.

ಚಿಕ್ಕಮ್ಮ ತಡೆದಳು. ಅವಳ ಮಂಡಿನೋವಿಗೆ ಅದೇ ಮುನೇಶ್ವರನಿಗೆ ಒಂದು ಹುಂಜ ಹೊತ್ತಿದ್ದಳಂತೆ, ಹೋಗಲಾಗದೆ ಹಾಗೇ ಉಳಿದಿತ್ತಂತೆ. ಹರಕೆಯವನ ಕೈಯಲ್ಲಿ ಕಳಿಸಿದರೆ ದುಪ್ಪಟ್ಟು ಪುಣ್ಯ. ಕ್ಯಾರಿಯರ್ ಇಲ್ಲದ್ದರಿಂದ ಹುಂಜವನ್ನು ಕಾಲು ಕಟ್ಟಿ ಹ್ಯಾಂಡಲಿಗೇ ತೂಗುಹಾಕಿದಳು. ಅದನ್ನು ಕಂಡ ಉಳಿದ ಹೆಂಗಸರಿಗೂ ತಮ್ಮ ತಮ್ಮ ಬಾಕಿ ಹರಕೆಗಳು ನೆನಪಾದವು. ಒಬ್ಬಳು ತೆಂಗಿನಕಾಯಿ ತಂದಳು, ಇನ್ನೊಬ್ಬಳು ಬೂದುಗುಂಬಳಕಾಯಿ, ಮತ್ತೊಬ್ಬಳು ಅಕ್ಕಿ ಬೆಲ್ಲದ ಗಂಟು. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅವನ ಬೆನ್ನಿಗೆ ಬಿಗಿದು, ನಿಂಬೆಹಣ್ಣಿನ ಹಾರವನ್ನು ಸೈಕಲ್ಲಿನ ಕೊರಳಿಗೆ ಹಾಕಿ ಬೀಳ್ಕೊಟ್ಟರು.

ತೂಕ ಹೆಚ್ಚಾಗುತ್ತದೆಂದು ಸ್ಟ್ಯಾಂಡನ್ನೇ ಹಾಕದ ಸೈಕಲ್ಲು ಈಗ ಸಂತೆಗೆ ಹೊರಟ ಎತ್ತಿನ ಗಾಡಿಯಂತಾಗಿತ್ತು. ಪಂಚೆ ಚೈನಿಗೆ ಸಿಕ್ಕುತ್ತಿತ್ತು. ಹುಂಜ ತಲೆಕೆಳಗಾದ ಸಿಟ್ಟನ್ನೆಲ್ಲ ಅವನ ಬೆರಳುಗಳ ಮೇಲೆ ತೀರಿಸಿಕೊಳ್ಳುತ್ತಿತ್ತು. ಸುದ್ದಿ ಅವನಿಗಿಂತ ಮುಂದೆ ಓಡುತ್ತಿತ್ತು. ದಾರಿಯ ಒಂದೊಂದು ಊರಿನಲ್ಲೂ ಜನ ಕೈಯಲ್ಲಿ ಕಾಯಿ ಹಿಡಿದು ಕಾದಿದ್ದರು. ಕಾಡಿನ ಚೆಕ್‌ಪೋಸ್ಟಿನಲ್ಲಿ ಆನೆ ಓಡಾಡುವ ಜಾಗವೆಂದು ಈಚೆಗೆ ಸೈಕಲ್ಲಿನವರನ್ನು ವಾಪಸು ಕಳಿಸುತ್ತಿದ್ದ ತಮಿಳು ಗಾರ್ಡು ಕೂಡ, "ವೇಂಡುದಲಾ ಸಾರ್? ಪೋಂಗ, ಪೋಂಗ", ಹರಕೆಯಾದರೆ ಹೋಗಿ, ಎಂದು ಗೇಟೆತ್ತಿ ತನ್ನದೂ ಒಂದು ಕಾಯಿಯನ್ನು ಚೀಲಕ್ಕೆ ಸೇರಿಸಿದ. ಆನೆ ಬಂದರೂ ದಾರಿ ಬಿಡುತ್ತದೋ ಇಲ್ಲ ಅದೂ ಒಂದು ಕಾಯಿ ಕೊಡುತ್ತದೋ ಎಂದು ಮುನಿರಾಜನಿಗೆ ಅನುಮಾನವಾಯಿತು.

ಮುನೇಶ್ವರನಿದ್ದದ್ದು ಹುಣಸೆಮರದ ಬುಡದಲ್ಲಿ. ಸುತ್ತ ಹಿಂದಿನವರು ಹರಕೆಗೆ ಕೊಟ್ಟ ಮಣ್ಣಿನ ಕುದುರೆಗಳು ಕಿವಿ ಮುರಿದುಕೊಂಡು ಸಾಲಾಗಿ ನಿಂತಿದ್ದವು. ಪೂಜಾರಿ ಕದಿರಪ್ಪ ಚೀಲವನ್ನೂ ಹುಂಜವನ್ನೂ ಇಳಿಸಿಕೊಂಡು, ಮಂಗಳಾರತಿ ಮಾಡಿ ಸೈಕಲ್ಲಿಗೂ ಕುಂಕುಮ ಹಚ್ಚಿದ. ಆಮೇಲೆ ಅದನ್ನು ಒಂದು ಬೆರಳಲ್ಲಿ ಎತ್ತಿ ನೋಡಿ ಬೆರಗಾದ. ಗೇರು ಹೇಗೆ ಬದಲಾಗುತ್ತದೆ, ಇಳಿಜಾರಿನಲ್ಲಿ ಎಷ್ಟು ಜೋರಾಗಿ ಹೋಗುತ್ತದೆ ಎಂದೆಲ್ಲ ಕೇಳಿದ. ತನ್ನ ಸೈಕಲ್ಲನ್ನು ಮೆಚ್ಚಿದ ಒಬ್ಬನಾದರೂ ಸಿಕ್ಕನಲ್ಲ ಎಂದು ಮುನಿರಾಜನ ಎದೆ ತುಂಬಿಬಂತು. ಒಂದು ಸುತ್ತು ತುಳಿದು ನೋಡಲು ಕೊಟ್ಟ, ಗೇರು ಹಾಕುವುದನ್ನೂ ಕಲಿಸಿಕೊಟ್ಟ.

ಮುಂದಿನ ದಾರಿಯೆಲ್ಲ ಸ್ವರ್ಗ. ಬೆನ್ನು ಹಗುರ, ಹ್ಯಾಂಡಲು ಹಗುರ. ಆ ಇಳಿಜಾರಿನಲ್ಲಿ ಬಿದಿರು ಮೆಳೆಗಳು ಎರಡೂ ಕಡೆ ಹಸಿರಾಗಿ ಹರಿದುಹೋದವು. ಮುನಿರಾಜನಿಗೆ ಅಳು ಬರುವಷ್ಟು ಸಂತೋಷವಾಯಿತು. ಡೆಂಕಣಿಕೋಟೆ ದಾಟಿ, ಯಾರ ಗಾಡಿಯನ್ನೂ ಹತ್ತದೆ, ಸೂರ್ಯ ಇಳಿಯುವ ಮೊದಲೇ ಮೂಕಂಡಪಲ್ಲಿಯ ತನ್ನ ಬೀದಿಗೆ ತಿರುಗಿದ. ಸುತ್ತು ಮುಗಿದಿತ್ತು. ಸೈಕಲ್ಲು ಅವನದಾಗಿತ್ತು.

ಮನೆ ಮುಂದೆ ಬೀದಿಯ ಜನವೆಲ್ಲ ಸೇರಿತ್ತು. ಸುಗುಣಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವನಿಗೂ ಸೈಕಲ್ಲಿಗೂ ಆರತಿ ಎತ್ತಿ, ಮದುವೆಯಾದಾಗಿನಿಂದ ಮೊದಲ ಸಲ ಬೀದಿಯಲ್ಲಿ ಎಲ್ಲರೆದುರು ಗಂಡನ ಕೈ ಹಿಡಿದುಕೊಂಡಳು.

"ಚಿಕ್ಕಮ್ಮ ಫೋನ್ ಮಾಡಿ ಎಲ್ಲ ಹೇಳಿದ್ರು. ನನ್ನ ಸೊಂಟನೋವಿಗೆ ನೀವು ಹಿಂಗೆ ಹರಕೆ ಹೊತ್ತಿರೋದು ಗೊತ್ತಾಗ್ದೆ ಆ ಸೈಕಲ್ಲಿಗೆ ಎಷ್ಟು ಬೈದ್ನಲ್ರೀ. ಬೆಳಿಗ್ಗೆಯಿಂದ ನೋವೇ ಇಲ್ಲ."

ನಿಜಕ್ಕೂ ಅವಳು ನೆಟ್ಟಗೆ ನಿಂತಿದ್ದಳು. ಹಾಗಾದರೆ ಸೈಕಲ್ಲು ಇಲ್ಲೇ ಇರಬಹುದಲ್ಲ ಎಂದು ಮುನಿರಾಜ ಮೆಲ್ಲನೆ ಕೇಳಿದ.

ಇರಲಿ ಎಂದೇ ತನಗೂ ಆಸೆಯೆಂದಳು ಸುಗುಣಾ. ಏನು ಮಾಡುವುದು, ಪೂಜಾರಿ ಕದಿರಪ್ಪ ಚಿಕ್ಕಮ್ಮನ ಕೈಲಿ ಹೇಳಿಕಳಿಸಿದ್ದಾನೆ: ಹರಕೆ ಹೊತ್ತು ಏರಿ ಬಂದ ಕುದುರೆ ಮುನೇಶ್ವರನದು, ಮನೆಯಲ್ಲಿಟ್ಟುಕೊಂಡರೆ ಹೋದ ನೋವು ಮತ್ತೆ ಬರುತ್ತದೆ. ಅದಕ್ಕೇ ಸೈಕಲ್ಲನ್ನು ಮುನೇಶ್ವರನಿಗೆ ಒಪ್ಪಿಸಿ ಬರಲು ರವಿಕುಮಾರ್ ಆಗಲೇ ಆಟೋಗೆ ಬಾಳೆಕಂದು ಕಟ್ಟಿ ಕಾಯುತ್ತಿದ್ದ.

"ಸುಗುಣಾ, ಆ ಹರಕೆ..." ಎಂದು ಮುನಿರಾಜ ಬಾಯಿ ತೆರೆದ.

"ಹೇಳ್ಬ್ಯಾಡಿ," ಎಂದು ಅವಳು ಕಣ್ಣೊರೆಸಿಕೊಂಡಳು. "ಹರಕೆ ಬಾಯಿಬಿಟ್ಟು ಹೇಳಬಾರ್ದು."

ಹೇಳಿದರೆ ಅವಳ ನೋವು ಮರಳುವುದೋ ಇಲ್ಲವೋ, ತನಗಂತೂ ಹೊಸ ನೋವು ಶುರುವಾಗುವುದು ಖಂಡಿತ ಎಂದು ಮುನಿರಾಜನಿಗೆ ಅರ್ಥವಾಯಿತು. ಬಿಸಿ ತುಪ್ಪ; ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಸೈಕಲ್ಲನ್ನು ತಾನೇ ಎತ್ತಿ ಆಟೋದಲ್ಲಿಟ್ಟ.

ಮುಂದಿನ ಭಾನುವಾರ ಪೂಜೆ ಮಾಡಿಸಲು ಗಂಡಹೆಂಡಿರು ಬಸ್ಸಿನಲ್ಲಿ ಹೊರಟರು. ತಳಿಯ ಬಸ್ಸು ತಪ್ಪಿದ್ದರಿಂದ ಡೆಂಕಣಿಕೋಟೆಯ ಮೇಲೆ ಬಳಸಿ ಹೋದರು. ಕಾಡಿನ ಆ ಇಳಿಜಾರನ್ನು ಬಸ್ಸು ಕೆಳಗಿನಿಂದ ತೇಕುತ್ತ ಏರುತ್ತಿದ್ದಾಗ, ಮೇಲಿನಿಂದ ಪಂಚೆ ಎತ್ತಿ ಕಟ್ಟಿದ ಕದಿರಪ್ಪ ಸೈಕಲ್ಲಿನ ಮೇಲೆ ಎರಡೂ ಕಾಲು ಚಾಚಿಕೊಂಡು, ಸದ್ದೇ ಇಲ್ಲದೆ ಗಾಳಿಯಂತೆ ಇಳಿದುಬಂದ. ದೇವರ ಕುದುರೆಗೆ ದಿನಾ ಒಂದು ಓಟ ಕೊಡಬೇಕಂತೆ ಎಂದು ಮುಂದಿನ ಸೀಟಿನವನು ವಿವರಿಸಿದ. ಡ್ರೈವರು ಬಸ್ಸನ್ನು ಬದಿಗೆ ಸರಿಸಿ ದಾರಿ ಬಿಟ್ಟ. ಬಸ್ಸಿನಲ್ಲಿದ್ದವರೆಲ್ಲ ಕೈಮುಗಿದರು. ಸುಗುಣಾ ಮೊಣಕೈಯಿಂದ ತಿವಿದ ಮೇಲೆ ಮುನಿರಾಜನೂ ಕೈಮುಗಿದ.