ಬೆನ್ನು ಮಾತ್ರ ನನ್ನದು

ಎದುರಿಗೆ ಬಂದವರಿಂದ ನನಗೆ ಈವರೆಗೆ ಏನೂ ಆಗಿಲ್ಲ. ಆಗುವುದೆಲ್ಲ ಬೆನ್ನ ಹಿಂದೆ, ಅದೂ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ನನಗೆ ಬರೆದು ಅಭ್ಯಾಸವಿಲ್ಲ, ಆದ್ದರಿಂದ ಮೊದಲು ವಿಷಯವನ್ನು ಬಿಡಿಸಿ ಹೇಳಿಬಿಡುತ್ತೇನೆ. ಹಾಲ್ಕುರಿಕೆ ಹತ್ತಿರ ನಮ್ಮದೊಂದು ತೆಂಗಿನ ತೋಟವಿದೆ. ತೋಟದಲ್ಲೇ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ನನ್ನ ತಾಯಿ. ಇದರ ಜೊತೆಗೆ ನಾನು ಸಿನಿಮಾದ ಹೀರೋ ಒಬ್ಬರ ಬೆನ್ನು.

ಬೆನ್ನು ಅಂದರೆ ಬೆನ್ನೇ. ಆ ಹೀರೋ ಒಂದು ಕಾಲದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಿದ್ದವರು. ಈಗ ವಯಸ್ಸಾಗಿದೆ, ಮಂಡಿ ಮಾತು ಕೇಳುವುದಿಲ್ಲ. ಆದರೂ ಫೈಟಿಂಗ್ ಸಿನಿಮಾ ಬಿಟ್ಟಿಲ್ಲ. ಈ ಸಿನಿಮಾಗಳು ಟಾಕೀಸಿಗೆ ಬರುವುದಿಲ್ಲ, ನೇರವಾಗಿ ಫೋನಿಗೇ ಬರುತ್ತವೆ. ಒಂದು ಸಿನಿಮಾಕ್ಕೆ ಅವರು ಬರುವುದು ಒಂದೇ ದಿನ. ಕುರ್ಚಿಯಲ್ಲಿ ಕೂತು ಕೋಪ, ದುಃಖ, ಅನುಮಾನ, ಎಲ್ಲ ಮುಖಗಳನ್ನೂ ಒಟ್ಟಿಗೆ ಕೊಟ್ಟು ಹೋಗುತ್ತಾರೆ. ಮಿಕ್ಕ ದಿನಗಳಲ್ಲಿ ನಡೆಯುವವನು, ಗೋಡೆ ಹತ್ತುವವನು, ಕೇಡಿಗಳ ಎದುರು ಕಾಲು ಅಗಲಿಸಿ ನಿಲ್ಲುವವನು ನಾನು. ಎಲ್ಲವೂ ಹಿಂದಿನಿಂದ. ನೆತ್ತಿಯ ಬೋಳೂ ಸೇರಿ ನನ್ನ ಹಿಂಭಾಗ ಪೂರ್ತಿ ಅವರಂತೆಯೇ ಇದೆ.

ಇದು ಗೊತ್ತಾದದ್ದು ಡೈರೆಕ್ಟರಿಗೆ. ಜಾಗ ನೋಡಲು ತೋಟಕ್ಕೆ ಬಂದವರು, ನಾನು ಆ ಕಡೆ ಮುಖ ಮಾಡಿ ಕಾಯಿ ಸುಲಿಯುತ್ತಿದ್ದುದನ್ನು ಕಂಡು, "ಸಾರ್, ನೀವು ಯಾವಾಗ ಬಂದ್ರಿ?" ಎಂದು ಕೈಮುಗಿದರು. ನಾನು ತಿರುಗಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅವತ್ತಿನಿಂದ, ತಿರುಗದೆ ಇರುವುದೇ ನನ್ನ ಕೆಲಸ.

ಅಟ್ಟದ ಮೇಲೆ ಯಾರು

ಮೊದಲ ಸಿನಿಮಾದಲ್ಲಿ ನಮ್ಮ ಮನೆಯ ನಡುಮನೆಯೇ ಕೇಡಿಯ ಗುಹೆ. ಹೀರೋ ಕುರ್ಚಿಯಲ್ಲಿ ಕೂತು ಮಾತು ಶುರು ಮಾಡಿದರು. ಅಟ್ಟದ ಮೇಲಿನಿಂದ ಗಡಗಡ ಅಂತ ಸದ್ದು ಬಂತು. ಸೌಂಡಿನವರು ಕೈ ಎತ್ತಿ ನಿಲ್ಲಿಸಿದರು. "ಮೇಲೆ ಯಾರಿದ್ದಾರೆ?"

"ಯಾರೂ ಇಲ್ಲ" ಅಂದೆ.

ಮತ್ತೆ ಗಡಗಡ. ಈ ಸಲ ಮೆಲ್ಲಗೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಬೆಂಗಳೂರಿನಿಂದ ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ವಿವರಿಸಿದೆ. ನಮ್ಮ ಕಡೆ ಕೊಬ್ಬರಿಗೆಂದು ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟುಕೊಂಡು ಗಿಟುಕಾಗುತ್ತದೆ. ಇಲಿ ಓಡಾಡಿ ಕಾಯಿ ಉರುಳಿದರೆ ಒಳಗಿನ ಗಿಟುಕು ಗಡಗಡ ಅನ್ನುತ್ತದೆ. ಅಷ್ಟೇ.

ಅವರಿಗೆ ಸಮಾಧಾನವಾಯಿತು. ಹೀರೋ ಎದ್ದು ನಿಂತರು. ಮತ್ತೆ ಗಡಗಡ ಅಂದಿತು. ಈ ಸಲ ಸದ್ದು ಬಂದದ್ದು ಅಟ್ಟದಿಂದಲ್ಲ, ಅವರ ಮಂಡಿಯಿಂದ.

ನನ್ನ ತಾಯಿ ಐವತ್ತು ವರ್ಷದಿಂದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹದ ಹೇಳುವವಳು. ಬಾಗಿಲ ಹತ್ತಿರ ಕೂತಿದ್ದವಳು ತಲೆ ವಾರೆ ಮಾಡಿ ಕೇಳಿಸಿಕೊಂಡು ಹೇಳಿದಳು: "ಇದು ಒಡೆಯೋ ಹದಕ್ಕೆ ಬಂದೈತೆ ಕಣಪ್ಪ."

ಹುಳಿಯಾರಿನಲ್ಲಿ

ಸಂತೆಗೆ ಹೋಗಿದ್ದೆ. ಇಬ್ಬರು ನನ್ನ ಹಿಂದೆಯೇ ಬರುತ್ತಿದ್ದಾರೆ ಅನ್ನಿಸಿತು. ನಿಂತರೆ ನಿಲ್ಲುತ್ತಾರೆ, ನಡೆದರೆ ನಡೆಯುತ್ತಾರೆ. ಈರುಳ್ಳಿ ಸಾಲು ದಾಟಿ ಕುರಿ ಕಟ್ಟುವ ಬಯಲಿಗೆ ಬಂದರೂ ಬಿಡಲಿಲ್ಲ. ಧೈರ್ಯ ಮಾಡಿ ತಿರುಗಿದೆ.

ಇಬ್ಬರೂ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಬ್ಬ ಇನ್ನೊಬ್ಬನಿಗೆ ಬೇಜಾರಿನಿಂದ ಹೇಳಿದ: "ಆಳು ಅವರೇ ಕಣ್ಲಾ. ಮುಖ ಮಾತ್ರ ಯಾರ್ದೋ ಹಾಕವ್ರೆ."

ಸತ್ತವನು ನಗಬೇಕು

ಇನ್ನೊಂದು ಸಿನಿಮಾದಲ್ಲಿ ಹೀರೋ ಸತ್ತಂತೆ ಬಿದ್ದಿರಬೇಕು, ಆಮೇಲೆ ಎದ್ದು ಬಂದು ಎಲ್ಲರನ್ನೂ ಹೊಡೆಯಬೇಕು. ಹೊಡೆಯಲು ಅವರು ಒಪ್ಪಿದರು, ಸಾಯಲು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಅದು ಅಪಶಕುನ ಅಂದರು. ಹಾಗಾಗಿ ಬೋರನಕಣಿವೆಯ ನೀರಿನ ಅಂಚಿನಲ್ಲಿ ಬೆಳಗಿನಿಂದ ನಾನು ಬೋರಲು ಬಿದ್ದಿದ್ದೆ. ಗಾಳಿ ಇರಲಿಲ್ಲ. ಎರಡು ಕಾಗೆ ಬಂದು ಹತ್ತಿರ ಕೂತವು, ಕೂತೇ ಇದ್ದವು.

ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಸತ್ತಂತೆ ನಟಿಸಿದವರು, ಶಾಟ್ ಮುಗಿದ ಕೂಡಲೇ ಕ್ಯಾಮೆರಾ ನೋಡಿ ನಗಬೇಕು. ನಕ್ಕರೆ ದೋಷ ಹೋಗುತ್ತದಂತೆ. ನಾನು ಎದ್ದು ಮರಳು ಕೊಡವಿಕೊಂಡು ಕ್ಯಾಮೆರಾ ಕಡೆ ನಗಲು ಹೊರಟೆ.

"ತಿರುಗಬೇಡಿ ಯಜಮಾನ್ರೇ," ಡೈರೆಕ್ಟರು ಗಾಬರಿಯಾಗಿ ಕೂಗಿದರು. "ನಿಮ್ಮ ಮುಖ ಬರಂಗಿಲ್ಲ. ಆ ಕಡೆ ತಿರುಗೇ ನಗಿ."

ನೀರಿನ ಕಡೆ ತಿರುಗಿ ನಕ್ಕೆ. ಅವರು ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, "ಕಾಣ್ತಾ ಇಲ್ಲ, ಇನ್ನೊಂದು ಸಲ ನಗಿ" ಅಂದರು.

ಮಂಜಿನಲ್ಲಿ ನಡೆದವನು

ಈಗ ಹೇಳುವುದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆ ಸಿನಿಮಾ ಫೋನಿಗೆ ಬಂದಾಗ ಮೂವರೂ ಕೂತು ನೋಡುತ್ತಿದ್ದೆವು. ತೋಟದಲ್ಲಿ ಮಂಜು ತುಂಬಿದೆ. ಮರಗಳ ಮಧ್ಯೆ ಕರಿ ಕೋಟು ಹಾಕಿದ ಬೆನ್ನೊಂದು ನಡೆದು ಹೋಗುತ್ತಿದೆ.

"ಚೆನ್ನಾಗಿ ಬಂದಿದೀರಿ" ಅಂದಳು ಹೆಂಡತಿ.

"ಅದು ನಾನಲ್ಲ" ಅಂದೆ.

ಡೈರೆಕ್ಟರಿಗೆ ಫೋನ್ ಮಾಡಿದೆ. ಅದು ತುರುವೇಕೆರೆ ಕಡೆಯ ತೋಟ, ಇಂಥ ದಿನ ತೆಗೆದದ್ದು ಅಂದರು. ಆ ದಿನ ನಾನು ಬರುವುದಿಲ್ಲವೆಂದು ಮೊದಲೇ ಹೇಳಿದ್ದೆ, ಏಕೆಂದರೆ ಚಿಕ್ಕನಾಯಕನಹಳ್ಳಿಯಲ್ಲಿ ನನ್ನ ಭಾವಮೈದುನನ ಗೃಹಪ್ರವೇಶ ಇತ್ತು. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಹೆಂಡತಿ ಕೂತಿದ್ದಳು. ಕರಿ ಕೋಟು ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು, ತಾಯಿ ನೋಡಿದ್ದಾಳೆ.

"ಬರಲ್ಲ ಅಂದಿದ್ರಿ, ಆದ್ರೆ ಬಂದ್ರಲ್ಲ ಯಜಮಾನ್ರೇ," ಡೈರೆಕ್ಟರು ಹೇಳಿದರು. "ಕೇಡಿಗಳ ಶಾಟ್ ತೆಗೀತಿದ್ವಿ, ನೋಡಿದ್ರೆ ಮರದ ಸಂದೀಲಿ ನೀವು. ನಾನೇ ಕೂಗಿ ಮೂರು ಸಲ ನಡೆಸಿದೆನಲ್ಲ. ಒಂದು ಮಾತೂ ಆಡಲಿಲ್ಲ, ಮುಖಾನೂ ತಿರುಗಿಸಲಿಲ್ಲ. ಹಂಗೇ ಮಂಜೊಳಗೆ ಹೋಗ್ಬಿಟ್ರಿ. ಊಟಕ್ಕೂ ನಿಲ್ಲಲಿಲ್ಲ."

ಫೋನ್ ಇಟ್ಟು ಇಬ್ಬರಿಗೂ ವಿಷಯ ಹೇಳಿದೆ. ತಾಯಿ ಹೇಳಿದಳು: "ಸತ್ತಂಗೆ ಬಿದ್ದು ಸರಿಯಾಗಿ ನಗನಿಲ್ಲ ನೀನು. ಬೆನ್ನು ಒಂಟಿಯಾಗಿ ಓಡಾಡೋದು ಕಲ್ತುಬುಟ್ಟೈತೆ ಕಣ್ಲಾ ಮಗ."

ನಗು ಬರಬೇಕಿತ್ತು, ಬರಲಿಲ್ಲ. ಅವತ್ತಿನಿಂದ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ನನ್ನ ಬೆನ್ನ ಮೇಲೆ ಕೈಯಿಟ್ಟು, ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ ಶುರು ಮಾಡಿದಳು. "ಅದು ಯಾರು ಅಂತ ಗೊತ್ತಾಗೋವರೆಗೂ ನೀವು ಶೂಟಿಂಗಿಗೆ ಹೋಗಂಗಿಲ್ಲ ಕಣ್ರೀ. ಗೊತ್ತಾಗದೇ ಇದ್ರೆ ಆ ಕೆಲಸಾನೇ ಬೇಡ" ಅಂದಳು. ನನಗೂ ಹೆದರಿಕೆಯೇ. ತೋಟದಲ್ಲಿ ಸೋಗೆ ಬಿದ್ದರೂ ತಿರುಗಿ ನೋಡುತ್ತಿದ್ದೆ. ಆದರೆ ಆ ಕೆಲಸ ಬಿಡುವುದಕ್ಕೂ ಮನಸ್ಸಿರಲಿಲ್ಲ. ಐವತ್ತೈದು ವರ್ಷ ನನ್ನನ್ನು ಎದುರಿನಿಂದಲೂ ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಹೊಸ ಸಿನಿಮಾ ಶುರುವಾಯಿತು, ಅದೇ ತುರುವೇಕೆರೆ ಕಡೆಯ ತೋಟದಲ್ಲಿ. ಬರುವುದಿಲ್ಲವೆಂದು ಹೇಳಿ ಕೋಟು ಹಿಂತಿರುಗಿಸಲು ಹೋದೆ. ನನ್ನನ್ನು ಒಬ್ಬನೇ ಕಳಿಸಲು ಹೆಂಡತಿ ಒಪ್ಪದೆ ಜೊತೆಗೇ ಬಂದಳು. ಮೋಡ ಕವಿದ ಬೆಳಗು, ಕೊರೆಯುವ ಚಳಿ, ಮರಗಳ ಬುಡದಲ್ಲಿ ಮಂಜು. ಚಳಿಗೆ ಆ ಕೋಟನ್ನೇ ಹಾಕಿಕೊಂಡಿದ್ದೆ. ಸ್ವಲ್ಪ ಒಳಗೆ ಹೋದ ಮೇಲೆ ಹೆಂಡತಿ ನನ್ನ ತೋಳು ಹಿಡಿದಳು. "ಅಗೋ" ಅಂದಳು.

ಇಪ್ಪತ್ತು ಮಾರು ಮುಂದೆ ಕರಿ ಕೋಟಿನ ಬೆನ್ನು ನಿಂತಿತ್ತು. ಬೋಳು ನೆತ್ತಿ, ಜಗ್ಗಿದ ಎಡ ಭುಜ, ಎಲ್ಲ ನನ್ನದೇ. ಅದು ಒಂದು ಹೆಜ್ಜೆ ಇಟ್ಟಿತು. ಗಡಗಡ ಅಂತ ಸದ್ದಾಯಿತು.

ಆ ಸದ್ದು ನನಗೆ ಗೊತ್ತಿತ್ತು. "ಸಾರ್?" ಅಂದೆ.

ಹೀರೋ ತಿರುಗಿದರು. ಹತ್ತಿರ ಬಂದು, ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು: "ಅವತ್ತು ಇಲ್ಲಿ ನಡೆದದ್ದು ನಾನೇ ಕಣ್ರೀ. ನೀವು ಬರಲ್ಲ ಅಂತ ಗೊತ್ತಾಯ್ತು. ಒಂದು ಸಲ ನನ್ನ ನಡಿಗೆ ನಾನೇ ನಡೆಯೋಣ ಅನ್ನಿಸ್ತು. ನನ್ನ ಕೋಟು ಹಾಕ್ಕೊಂಡು, ಯಾರಿಗೂ ಹೇಳದೆ ಒಬ್ಬನೇ ಬಂದೆ. ಅಷ್ಟರಲ್ಲಿ ಡೈರೆಕ್ಟರು ಹಿಂದಿನಿಂದ ಕೂಗಿದ್ರು, 'ಏನ್ ಯಜಮಾನ್ರೇ, ಸಂತೆಯಿಂದ ಮೂಟೆ ಹೊತ್ಕೊಂಡು ಬಂದಂಗೆ ನಡೀತೀರಿ? ಸ್ವಲ್ಪ ಸಾರ್ ಥರ ನಡೀರಿ' ಅಂತ."

"ನಾನೇ ಅಂತ ಹೇಳಬಾರದಿತ್ತಾ ಸಾರ್?"

"ಹೇಗೆ ಹೇಳಲಿ? ಮೂರು ಸಲ ನಡೆದೆ. ಮೂರು ಸಲಾನೂ ನನ್ನ ಥರ ಬರಲಿಲ್ಲ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ದೂರ ಹೋಗಿ ನಿಂತಳು. ಹೀರೋ ನನ್ನ ಕಾಲಿನ ಕಡೆ ನೋಡಿದರು. ಆಮೇಲೆ, "ಸ್ವಲ್ಪ ನಡೆದು ತೋರಿಸ್ತೀರಾ? ಕಲೀಬೇಕು ಅಂತ್ಲೇ ಇವತ್ತೂ ಬಂದಿದ್ದು" ಅಂದರು.

ನಡೆದೆ. ಪಕ್ಕದಲ್ಲೇ ಅವರೂ ನಡೆದರು. ಭುಜ ಹೀಗೆ, ಹಿಮ್ಮಡಿ ಹೀಗೆ ಅಂತ ಹೇಳಿಕೊಟ್ಟೆ. ಎಲ್ಲ ಅವರ ಹಳೇ ಸಿನಿಮಾ ನೋಡಿಯೇ ಕಲಿತದ್ದು, ಅದನ್ನೂ ಹೇಳಿದೆ. ಆಗ ಹಿಂದೆ, ಮಂಜಿನ ಆಚೆಯಿಂದ, ಡೈರೆಕ್ಟರ ದನಿ ಕೇಳಿತು: "ಹಾಂ ಯಜಮಾನ್ರೇ, ಈಗ ಸಾರ್ ನಡೆದಂಗೇ ಇದೆ." ಮಂಜಿನಲ್ಲಿ ಅವರಿಗೆ ಒಂದೇ ಬೆನ್ನು ಕಂಡಿರಬೇಕು.

"ಯಾರಿಗೆ ಹೇಳಿದ್ದು?" ಹೀರೋ ಕೇಳಿದರು.

"ನಿಮಗೇ ಸಾರ್."

"ತಿರುಗಬೇಡಿ" ಅಂದರು. ಅವರ ಕಣ್ಣು ತುಂಬಿತ್ತು.

ಇಬ್ಬರೂ ತಿರುಗದೆ ತೋಟದ ಬೇಲಿಯವರೆಗೆ ಹೋದೆವು. ಅಲ್ಲಿ ನಿಂತೆವು. ಮಂಜು ದಟ್ಟವಾಯಿತು. ಹಿಂದೆ ಯಾರೋ ಹತ್ತಿರ ಬರುತ್ತಿರುವ ಹೆಜ್ಜೆ ಸದ್ದು. ನಾವು ತಿರುಗಲಿಲ್ಲ. ಹೆಂಡತಿ ಬಂದು, ದಿನಾ ಬೆಳಿಗ್ಗೆ ಇಡುವಂತೆ ಬೆನ್ನ ಮೇಲೆ ಕೈಯಿಟ್ಟು, "ಸದ್ಯ, ಇದೆ. ಸಾಕು ಬನ್ನಿ, ದನಕ್ಕೆ ನೀರು ಕುಡಿಸಬೇಕು" ಅಂದಳು.

ಅವಳು ಕೈಯಿಟ್ಟದ್ದು ಅವರ ಬೆನ್ನ ಮೇಲೆ.